ಹಳೇ ವ್ಯಾನು: ಕೊಂಡದ್ದು ಒಂದು ಲೆಕ್ಕ, ಸಾಕಿದ್ದು ಇನ್ನೊಂದು ಲೆಕ್ಕ

ನಮ್ಮದು ಚಳ್ಳಕೆರೆ ಸೀಮೆ. ಖುಷ್ಕಿ ಜಮೀನು. ಮಳೆ ಬಂದರೆ ಶೇಂಗಾ, ಈರುಳ್ಳಿ, ಬಾರದಿದ್ದರೆ ಸಾಲ. 2016ರಲ್ಲಿ ಈರುಳ್ಳಿ ಹಾಕುವಾಗ ಲಾರಿಗೆ ಕಾದು ಕಾದು ಬೇಸತ್ತು ಒಂದು ಹಳೇ ಡೀಸೆಲ್ ವ್ಯಾನು ಕೊಂಡೆ. 2008ನೇ ಮಾಡೆಲ್. ಒಂದು ಟನ್ ಹೊರುತ್ತದೆ. 1,60,000 ರೂಪಾಯಿ ಕೊಟ್ಟು ಹೂವಿನ ಹಾರ ಹಾಕಿ ಮನೆ ಮುಂದೆ ನಿಲ್ಲಿಸಿದಾಗ ನಮ್ಮನೆಯವಳು ಕೇಳಿದ್ದು ಒಂದೇ ಮಾತು: "ಎತ್ತಾದ್ರೆ ಹಲ್ಲು ನೋಡ್ತಿದ್ರಿ, ಇದ್ಕೆ ಏನ್ ನೋಡಿದ್ರಿ?"

ನಾನು ನೋಡಿದ್ದು ಬಣ್ಣ ಮತ್ತು ಟೈರು ಮಾತ್ರ. ಈ ಒಂಬತ್ತು ವರ್ಷದಲ್ಲಿ ಉಳಿದದ್ದನ್ನೆಲ್ಲ ಗಾಡಿಯೇ ಕಲಿಸಿತು. ಆ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೇ ಗಾಡಿ ಕೊಳ್ಳುವ ಯೋಚನೆಯಲ್ಲಿ ಇರುವವರಿಗೆ ಉಪಯೋಗ ಆದೀತು.

ಬೋರ್ ನೀರು ಎಂಜಿನ್ ತಿಂದದ್ದು

2019ರ ಅಕ್ಟೋಬರ್. ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತ್ತು. ಮುಂದೆ ರೇಟು ಏನಾಗುತ್ತದೋ ಎಂಬ ಭಯ. 20 ಚೀಲ ತುಂಬಿ ಯಶವಂತಪುರ ಮಾರುಕಟ್ಟೆಗೆ ಹೊರಟೆ. ಶಿರಾ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಗಾಡಿ ನಿಲ್ಲಿಸಿ, ಪಕ್ಕದ ತೋಟದಿಂದ ಎರಡು ಕೊಡ ತಣ್ಣೀರು ತಂದು ಸುಡುತ್ತಿದ್ದ ಎಂಜಿನ್ನಿಗೆ ಹೊಯ್ದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಹೆಡ್ ಬಿರುಕು ಬಿಟ್ಟಿತು.

ಗಾಡಿ ಎಳೆಸಿ, ಹೆಡ್ ಬದಲಿಸಿ, ಗ್ಯಾಸ್ಕೆಟ್ ಹಾಕಿಸಿ, ರೇಡಿಯೇಟರ್ ಬಿಚ್ಚಿಸಿ 23,400 ರೂಪಾಯಿ. ಮೂರು ದಿನ ಮುಚ್ಚಿದ ವ್ಯಾನಿನೊಳಗೆ ಕೂತ ಈರುಳ್ಳಿ ಬೆವೆತು ವಾಸನೆ ಹಿಡಿಯಿತು. ಆರು ಚೀಲ ಅಲ್ಲೇ ಸುರಿದೆ. ಉಳಿದದ್ದಕ್ಕೆ ಬಂದ ಹಣ ಹೆಡ್ಡಿಗೂ ಸಾಲಲಿಲ್ಲ.

ರೇಡಿಯೇಟರ್ ಬಿಚ್ಚಿದ ಮೇಸ್ತ್ರಿ ಒಳಗಿನ ನಳಿಗೆ ತೋರಿಸಿದರು. ನೀರೊಲೆಯ ಹಂಡೆಯೊಳಗೆ ಕಟ್ಟುತ್ತದಲ್ಲ, ಅಂಥ ಬಿಳಿ ಸುಣ್ಣ. "ಯಜಮಾನ್ರೆ, ನಿಮ್ ಬೋರ್ ನೀರು ಕುಡಿದು ಇದಕ್ಕೆ ಕಲ್ಲು ಕಟ್ಟೈತೆ" ಅಂದರು. ನಮ್ಮ ಕಡೆ ಬೋರ್ ನೀರು ಗಡಸು. ಮೂರು ವರ್ಷ ಅದನ್ನೇ ತುಂಬಿಸಿದ್ದೆ.

ಈಗ ಹೀಗೆ ಮಾಡುತ್ತೇನೆ: ಮೊದಲ ಎರಡು ಮಳೆಗೆ ಸೂರು ತೊಳೆದುಹೋಗಲು ಬಿಟ್ಟು, ಆಮೇಲಿನ ಮಳೆ ನೀರನ್ನು ಬಟ್ಟೆಯಲ್ಲಿ ಸೋಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಡುತ್ತೇನೆ. ಮಳೆ ನೀರಿನಲ್ಲಿ ಸುಣ್ಣ ಇಲ್ಲ. ಡಬ್ಬಿಯ ಮೇಲೆ ಬರೆದ ಅಳತೆಯಂತೆ ಕೂಲೆಂಟ್ ಬೆರೆಸಿ ರೇಡಿಯೇಟರಿಗೆ ಹಾಕುತ್ತೇನೆ. ಆರು ವರ್ಷ ಆಯಿತು, ಗಾಡಿ ಕಾದಿಲ್ಲ. ಬ್ಯಾಟರಿಗೆ ಮಾತ್ರ ಮಳೆ ನೀರು ಬೇಡ, ಅಂಗಡಿಯ ಡಿಸ್ಟಿಲ್ಡ್ ವಾಟರೇ ಆಗಬೇಕು.

ಮುಳ್ಳು ಏರಿದರೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸುಮ್ಮನೆ ನೆರಳಲ್ಲಿ ಕೂತುಬಿಡಿ. ಕೈಯಿಟ್ಟರೆ ಸುಡದಷ್ಟು ಆರುವ ತನಕ ಮುಚ್ಚಳ ತೆಗೆಯಬೇಡಿ, ನೀರು ಹಾಕಬೇಡಿ. ಒಂದು ಗಂಟೆ ಹೋದರೆ ಹೋಗಲಿ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಗಾಡಿ ನೋಡಲು ಬೆಳಗ್ಗೆ ಬೇಗ, ಹೇಳದೆ ಹೋಗಿ. ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಹಳೇ ಡೀಸೆಲ್ ಎಂಜಿನ್ನಿನ ನಿಜವಾದ ಬಣ್ಣ ಗೊತ್ತಾಗುವುದು ತಣ್ಣಗಿರುವಾಗಲೇ. ಹೀಟರ್ ಪ್ಲಗ್ ಹೋಗಿದ್ದರೆ ಸೆಲ್ಫ್ ಕೊರಗುಟ್ಟುತ್ತದೆ, ಗಾಡಿ ಏಳುವುದಿಲ್ಲ. ಇದು ಸಣ್ಣ ಖರ್ಚು, ಹೆದರಬೇಕಾಗಿಲ್ಲ.

ಹೊಗೆ ನೋಡಿ. ಕಪ್ಪು ಹೊಗೆಯಾದರೆ ನಾಜಲ್, ಪಂಪು ಅಥವಾ ಏರ್ ಫಿಲ್ಟರ್. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬೋರಿಂಗ್ ಕೆಲಸ ಹತ್ತಿರ ಬಂದಿದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದಂಥ ನೊರೆ ಕಂಡರೆ ನೀರು ಆಯಿಲ್ಲಿಗೆ ಸೇರಿದೆ. ಎಂಜಿನ್ ಓಡುವಾಗ ಆ ಮುಚ್ಚಳ ಸಡಿಲಿಸಿ ಮೇಲೆ ಹಾಗೇ ಇಡಿ. ಕುಣಿದು ಬಿದ್ದು, ಹೊಗೆ ಬುಸುಬುಸು ಬಂದರೆ ರಿಂಗು ಸವೆದಿವೆ.

ಆಮೇಲೆ ಗಾಡಿ ಕೆಳಗೆ ಮಲಗಿ ನೋಡಿ, ನಾಚಿಕೆ ಬೇಡ. ಚಾಸಿಯ ಬೆಸುಗೆ, ಕಮಾನು ಪಟ್ಟಿ, ಬಾಗಿಲ ಕೆಳಗಿನ ತಗಡು. ಸೊಪ್ಪು ತರಕಾರಿಯ ನೀರು, ಗೊಬ್ಬರದ ತೇವ ನೆಲದ ತಗಡನ್ನು ತಿನ್ನುತ್ತವೆ. ಬಣ್ಣ ಹೊಸದಾಗಿ ಹೊಡೆದ ಕಡೆ ಬೆರಳಿನಿಂದ ಒತ್ತಿದರೆ ತೂತೇ ಬಿದ್ದೀತು. ಎಂಜಿನ್ನಿಗಿಂತ ಚಾಸಿಯ ತುಕ್ಕಿಗೆ ಹೆಚ್ಚು ಹೆದರಿ. ಎಂಜಿನ್ ಬದಲಿಸಬಹುದು.

ಬರೆಯಲು ನಾಚಿಕೆಯಾದರೂ

2021ರ ಶೇಂಗಾ ಕೀಳುವ ಕಾಲ. ಕೂಲಿಗೆ ಬರುವ ಎಂಟು ಜನ ಹೆಣ್ಣುಮಕ್ಕಳನ್ನು ವ್ಯಾನಿನ ಹಿಂದೆ ಕೂರಿಸಿಕೊಂಡು ಕೆರೆ ಏರಿ ಇಳಿಯುತ್ತಿದ್ದೆ. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಳ್ಳಾರಿ ಜಾಲಿ ಬೇಲಿಗೆ ನುಗ್ಗಿಸಿ ನಿಲ್ಲಿಸಿದೆ. ಒಬ್ಬಾಕೆಯ ಕೈಗೆ ಪೆಟ್ಟಾದದ್ದು ಬಿಟ್ಟರೆ ಎಲ್ಲರೂ ಉಳಿದರು. ಇಳಿದವರು ಒಬ್ಬರೂ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಕಾರಣ ಗೊತ್ತಿತ್ತು. ಒಂದು ತಿಂಗಳಿಂದ ಬ್ರೇಕ್ ಆಯಿಲ್ ಇಳಿಯುತ್ತಿತ್ತು, ನಾನು ತುಂಬಿಸುತ್ತಲೇ ಇದ್ದೆ. ಬ್ರೇಕ್ ಆಯಿಲ್ ಇದ್ದಕ್ಕಿದ್ದಂತೆ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ತಿಳಿಯಬೇಕು. ಹಿಂಚಕ್ರದ ಸಿಲಿಂಡರಿನ ರಬ್ಬರು ಹೋಗಿತ್ತು. ರಬ್ಬರಿನ ಬೆಲೆ ಕೂಲಿ ಸೇರಿ ಸಾವಿರ ದಾಟುತ್ತಿರಲಿಲ್ಲ. ಇನ್ನೊಂದು ಮಾತು: ಸರಕಿನ ಗಾಡಿಯಲ್ಲಿ ಹೀಗೆ ಜನ ತುಂಬಿದರೆ ವಿಮೆ ಕೈಹಿಡಿಯುವುದಿಲ್ಲ. ಹೆಚ್ಚುಕಡಿಮೆ ಆಗಿದ್ದರೆ ಜಮೀನೇ ಹೋಗುತ್ತಿತ್ತು. ಅವತ್ತಿನಿಂದ ಹಿಂದೆ ಯಾರನ್ನೂ ಹತ್ತಿಸಿಲ್ಲ.

ಕಾಗದಪತ್ರ

ಕೊಂಡ ಕೂಡಲೇ ಹೆಸರು ಬದಲಾಯಿಸಿ. ಫಾರಂ 29, 30 ಬೇಕು. ಕೊಂಡವರಿಗೆ 30 ದಿನದ ಗಡುವು. ಹಿಂದಿನವರ ಸಾಲ ಆರ್.ಸಿ.ಯಲ್ಲಿ ಇದ್ದರೆ ಫಾರಂ 35 ಹಾಕಿ ತೆಗೆಸಿದ ಮೇಲೆಯೇ ದುಡ್ಡು ಕೊಡಿ. 7,500 ಕಿಲೋ ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ. ಎಂಟು ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಕಡ್ಡಾಯ. 15 ವರ್ಷ ದಾಟಿದವಕ್ಕೆ ಆ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿತು. ಆದ್ದರಿಂದ 13-14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕರೆ ಏಕೆ ಅಗ್ಗ ಅಂತ ಯೋಚಿಸಿ.

ಒಂದು ವರ್ಷದ ಲೆಕ್ಕ

ಕಳೆದ ವರ್ಷ ಮೊದಲ ಬಾರಿ ಪೈಸೆ ಪೈಸೆ ಬರೆದಿಟ್ಟೆ.

ವಿಮೆ – 18,300
ಎಫ್.ಸಿ., ಅದಕ್ಕಾಗಿ ಬಣ್ಣ, ಲೈಟು, ಹೊಗೆ ಪತ್ರ – 16,000
ಟೈರು ಎರಡು – 9,600
ಕ್ಲಚ್ ಕೆಲಸ – 8,500
ಬ್ಯಾಟರಿ – 6,400
ಬ್ರೇಕ್ – 5,200
ಆಯಿಲ್, ಫಿಲ್ಟರ್ – 4,800
ತಗಡಿಗೆ ವೆಲ್ಡಿಂಗ್ – 3,500
ಒಟ್ಟು – 72,300 ರೂಪಾಯಿ

ಓಡಿದ್ದು 6,000 ಕಿ.ಮೀ. ಅಂದರೆ ಕಿಲೋಮೀಟರಿಗೆ 12 ರೂಪಾಯಿ. ಲೀಟರಿಗೆ 11 ಕಿ.ಮೀ. ಕೊಡುತ್ತದೆ, ಡೀಸೆಲ್ಲಿಗೆ ಇನ್ನೊಂದು 8 ರೂಪಾಯಿ. ಒಟ್ಟು 20. ಬೆಂಗಳೂರಿಗೆ ಹೋಗಿಬರುವುದು ಸುಮಾರು 400 ಕಿ.ಮೀ.; 8,000 ರೂಪಾಯಿ ಆಯಿತು. ಡೀಸೆಲ್ ಒಂದನ್ನೇ ಹಿಡಿದರೂ 3,200 ದಾಟುತ್ತದೆ. ಅದೇ 20 ಚೀಲವನ್ನು ಊರಿನವರ ಜೊತೆ ಲಾರಿಗೆ ಹಾಕಿದ್ದರೆ ಚೀಲಕ್ಕೆ 90ರಂತೆ 1,800! ಇಷ್ಟು ವರ್ಷ ನಾನು "ನನ್ನ ಗಾಡಿ" ಅನ್ನುವ ಖುಷಿಗೆ ದುಡ್ಡು ಕೊಡುತ್ತಿದ್ದೆ.

ಹಾಗಂತ ವ್ಯಾನು ದಂಡ ಅಲ್ಲ. ಚಳ್ಳಕೆರೆಗೆ 30 ಕಿ.ಮೀ. ಹೋಗಿಬರಲು 600 ಬೀಳುತ್ತದೆ, ಬಾಡಿಗೆಯವರು ಸಾವಿರ ಕೇಳುತ್ತಾರೆ. ಬೀಜ, ಗೊಬ್ಬರ, ಸಂತೆ, ರಾತ್ರಿ ಹೊತ್ತು ಕರು ಹಾಕಲಾರದೆ ಒದ್ದಾಡುವ ಹಸುವಿಗೆ ಡಾಕ್ಟರನ್ನು ಕರೆತರುವುದು – ಇದಕ್ಕೆಲ್ಲ ಮನೆ ಮುಂದೆ ಗಾಡಿ ಇರಬೇಕು. ಹತ್ತಿರದ ಕೆಲಸಕ್ಕೆ ಹಳೇ ವ್ಯಾನು, ದೂರಕ್ಕೆ ಲಾರಿ. ಇದು ನನ್ನ ತೀರ್ಮಾನ.

ಮಗ ಸಾಲ ಮಾಡಿ ಹೊಸದು ತರೋಣ ಅನ್ನುತ್ತಾನೆ. ಕಂತಿಗೆ ಮಳೆ ಬಂತೋ ಇಲ್ಲವೋ ಗೊತ್ತಾಗುವುದಿಲ್ಲಪ್ಪ ಅಂದೆ. ಇನ್ನೊಂದು ಎಫ್.ಸಿ. ನೋಡುತ್ತೇನೆ. ಆಗ ಚಾಸಿಗೆ ಬೆಸುಗೆ ಬೇಕು ಅಂದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು, ಪತ್ರ ಪಡೆದು, ಆರ್.ಸಿ. ರದ್ದು ಮಾಡಿಸುತ್ತೇನೆ. ಬೀದಿ ಗುಜರಿಗೆ ಹಾಕಿದರೆ ಗಾಡಿ ಹೋದರೂ ಹೆಸರು ನಮ್ಮದೇ ಉಳಿಯುತ್ತದೆ.

ನಿಮ್ಮಲ್ಲಿ ಹಳೇ ಗಾಡಿ ಇದ್ದರೆ ಇವತ್ತೇ ಒಂದು ನೋಟ್‌ಬುಕ್ ಇಡಿ. ಒಂದು ವರ್ಷ ಬರೆಯಿರಿ. ಇಟ್ಟುಕೊಳ್ಳಬೇಕೋ ಮಾರಬೇಕೋ ಅಂತ ಅದೇ ಹೇಳುತ್ತದೆ.