ಉಮ್ಮತ್ತಿ: ಮತ್ತೂ ಹೌದು, ಮದ್ದೂ ಹೌದು

ತಿಪ್ಪೆಯ ಬದಿ, ಹಾಳುಗೋಡೆಯ ಬುಡ, ರಸ್ತೆಯ ಅಂಚು. ಯಾರೂ ನೀರೆರೆಯದ ಇಂಥ ಜಾಗಗಳಲ್ಲಿ ಸೊಂಪಾಗಿ ಬೆಳೆಯುವ ಗಿಡ ಉಮ್ಮತ್ತಿ. ದತ್ತೂರಿ, ಮದಗುಣಿಕೆ ಎಂಬ ಹೆಸರುಗಳೂ ಇದಕ್ಕುಂಟು. ತುತ್ತೂರಿಯಂಥ ಬಿಳಿ ಇಲ್ಲವೇ ನೇರಳೆ ಹೂವು, ಮೈತುಂಬ ಮುಳ್ಳಿರುವ ಗುಂಡುಕಾಯಿ. ನಾವು ದಿನವೂ ತಿನ್ನುವ ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳು ಇದರ ಬಂಧುಗಳೇ.

ಗಿಡದ ಗುಣ ಹೆಸರಿನಲ್ಲೇ ಇದೆ. ಸಂಸ್ಕೃತದ 'ಉನ್ಮತ್ತ' ಕನ್ನಡಿಗರ ಬಾಯಲ್ಲಿ 'ಉಮ್ಮತ್ತ', 'ಉಮ್ಮತ್ತಿ' ಆಯಿತು. ಸಸ್ಯಶಾಸ್ತ್ರದ 'ದತುರ' ಎಂಬ ಹೆಸರಿಗೂ ನಮ್ಮ 'ಧತ್ತೂರ'ವೇ ಮೂಲ.

ವಿಷಕಂಠನಾದ ಶಿವನಿಗೆ ಈ ಹೂವು ಪ್ರಿಯವೆಂಬ ನಂಬಿಕೆಯಿದೆ. ಶಿವರಾತ್ರಿಯಂದು ಬಿಲ್ವಪತ್ರೆಯ ಜೊತೆ ಇದನ್ನೂ ಏರಿಸುವವರಿದ್ದಾರೆ. ಆದರೆ ದೇವರ ತಲೆಗೇರಿದ ಈ ಹೂವನ್ನು ಪ್ರಸಾದವೆಂದು ಯಾರೂ ತಿನ್ನುವುದಿಲ್ಲ. ಉತ್ತರ ಭಾರತದಲ್ಲಿ ಕೆಲವರು ಭಂಗಿಗೆ ಇದರ ಬೀಜ ಬೆರೆಸುವುದುಂಟು. ಅದು ಪ್ರಾಣದೊಡನೆ ಆಡುವ ಆಟ. 19ನೆಯ ಶತಮಾನದಲ್ಲಿ ದಾರಿಹೋಕರ ಆಹಾರಕ್ಕೆ ಈ ಬೀಜ ಬೆರೆಸಿ, ಮೈಮರೆತವರನ್ನು ದೋಚುವ ಕಳ್ಳರೂ ಇದ್ದರು.

ಹೊಗೆಯಿಂದ ಇನ್‌ಹೇಲರ್‌ವರೆಗೆ

ಆಯುರ್ವೇದದಲ್ಲಿ ಉಮ್ಮತ್ತಿಗೆ 'ಕನಕ'ವೆಂಬ ಹೆಸರಿದೆ. ಕೆಮ್ಮು, ಉಬ್ಬಸಕ್ಕೆ ಕೊಡುವ ಕನಕಾಸವಕ್ಕೆ ಆ ಹೆಸರು ಬಂದದ್ದು ಇದರಿಂದಲೇ. ಉಬ್ಬಸಕ್ಕೆ ಇದರ ಹೊಗೆ ಸೇದುವ ಪದ್ಧತಿ 1802ರಲ್ಲಿ ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು. ಇಂದು ಶ್ವಾಸರೋಗಿಗಳು ಬಳಸುವ ಕೆಲವು ಇನ್‌ಹೇಲರ್‌ಗಳಲ್ಲಿರುವ ಇಪ್ರಾಟ್ರೋಪಿಯಂ, ಉಮ್ಮತ್ತಿಯಲ್ಲಿರುವ ಆಟ್ರೊಪಿನ್ನಿನ ರೂಪಾಂತರವೇ.

ಈ ಗಿಡ ಮೈಯೊಳಗೆ ಮಾಡುವುದೇನು? ತರಗತಿಯಲ್ಲಿ ನಾನು ಕೊಡುವ ಹೋಲಿಕೆ ಬೀಗ ಮತ್ತು ಬೀಗದಕೈಯದು. ನರಗಳ ತುದಿಯಿಂದ ಹೊರಡುವ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಬೀಗದಕೈಯಿದ್ದಂತೆ. ಅದು ತೆರೆಯಬೇಕಾದ ಹಲವು ಬೀಗಗಳಲ್ಲಿ ಉಮ್ಮತ್ತಿಯ ಆಟ್ರೊಪಿನ್, ಸ್ಕೋಪಲಮಿನ್‌ಗಳು ಮೊದಲೇ ಹೋಗಿ ಕೂರುತ್ತವೆ. ಆಗ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆಬಡಿತ ಏರುತ್ತದೆ, ಬೆವರು ನಿಂತು ಮೈ ಸುಡುತ್ತದೆ. ಮಿದುಳಿಗೂ ಮುಟ್ಟಿದಾಗ ಇಲ್ಲದವರು ಕಾಣುತ್ತಾರೆ, ಅವರೊಡನೆ ಮಾತೂ ನಡೆಯುತ್ತದೆ!

ವಿಷಕ್ಕೆ ಮದ್ದು

ಇದೇ ಗುಣ ಇನ್ನೊಂದೆಡೆ ಜೀವ ಉಳಿಸುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಸೇರಿದರೆ ಅಸಿಟೈಲ್‌ಕೊಲಿನ್ ಕರಗದೆ ಶೇಖರವಾಗುತ್ತದೆ. ಜೊಲ್ಲು ಸುರಿಯುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ. ಆಗ ವೈದ್ಯರು ಚುಚ್ಚುವ ಮುಖ್ಯ ಔಷಧಿ ಆಟ್ರೊಪಿನ್. ಹೊಲದಲ್ಲಿ ಔಷಧಿ ಹೊಡೆಯುವಾಗ ವಿಷವೇರಿದ ಎಷ್ಟೋ ರೈತರು ಇದರಿಂದ ಬದುಕಿದ್ದಾರೆ.

ಹಾಗೆಂದು ಉಮ್ಮತ್ತಿಯ ರಸ ಹಿಂಡಿ ಕುಡಿಸಲಾಗದು. ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ, ಋತುವಿನಿಂದ ಋತುವಿಗೆ ಇದರ ವಿಷದ ಪ್ರಮಾಣ ಬದಲಾಗುತ್ತದೆ. ವೈದ್ಯರ ಕೈಯಲ್ಲಿರುವುದು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಔಷಧಿ. ಬೇಲಿಯಲ್ಲಿರುವುದು ಅಳತೆಯಿಲ್ಲದ ವಿಷ.

ಇದರ ಬೀಜ ನೋಡಲು ಮೆಣಸಿನಕಾಯಿ ಬೀಜದಂತೆಯೇ ಇರುತ್ತದೆ. ಮಕ್ಕಳಿಗೆ ಗಿಡವನ್ನು ತೋರಿಸಿ ಹೆಸರು ಹೇಳಿಕೊಡಿ. ಯಾರಾದರೂ ತಿಂದರೆಂಬ ಅನುಮಾನ ಬಂದರೂ ಸಾಕು, ಮನೆಮದ್ದಿಗೆ ಹೊತ್ತು ಕಳೆಯದೆ, ಸಿಕ್ಕಿದ ಕಾಯಿ ಅಥವಾ ಎಲೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ತಿಂದದ್ದೆಂದು ತಿಳಿದರೆ ವೈದ್ಯರ ಅರ್ಧ ಕೆಲಸ ಆದಂತೆ.