ಆಯಿಲ್ ಕೂಲರ್ ಕೀಳುವ ಮುನ್ನ

ಹಳೆಯ ಪಲ್ಸರ್ 220 ಅನ್ನು ಬಿಚ್ಚಿ ಕೆಫೆ ರೇಸರ್ ರೂಪಕ್ಕೆ ತರಲು ಹೊರಟವರ ಕಣ್ಣಿಗೆ ಚುಚ್ಚುವುದು ಎಂಜಿನ್ ಮುಂದೆ ಕೂತಿರುವ ಆಯಿಲ್ ಕೂಲರ್. ಫಿನ್‌ಗಳ ನಡುವೆ ಮಣ್ಣು ಮೆತ್ತಿರುತ್ತದೆ, ಹೋಸ್ ಸೇರುವ ಜಾಗದಲ್ಲಿ ಎಣ್ಣೆ ಜಿನುಗುತ್ತಿರುತ್ತದೆ. ಹೊಸದು ಹಾಕಿಸಲು ದುಡ್ಡು ಬೇಕು. ತೆಗೆದುಬಿಟ್ಟರೆ ಖರ್ಚೂ ಉಳಿಯಿತು, ನೋಟವೂ ಚೊಕ್ಕ. "ಬೈಪಾಸ್ ಮಾಡಿಬಿಡೋಣ ಸಾರ್, ಏನೂ ಆಗಲ್ಲ" ಎಂದು ಮೆಕ್ಯಾನಿಕ್ ಹೇಳಿದರೆ ತಲೆಯಾಡಿಸುವವರೇ ಹೆಚ್ಚು. ಆ ದಿನದ ಮಟ್ಟಿಗೆ ಏನೂ ಆಗುವುದಿಲ್ಲ ಎಂಬುದು ನಿಜವೂ ಹೌದು. ಆದರೆ ಕಂಪನಿಯೇ ಕೂಲರ್ ಇಟ್ಟು ರೂಪಿಸಿದ ಎಂಜಿನ್ನಿನಲ್ಲಿ ಅದನ್ನು ಸರಿಸುವುದು ಬೇರೆ, ಕೀಳುವುದು ಬೇರೆ. ಮೊದಲನೆಯದನ್ನು ಎಚ್ಚರದಿಂದ ಮಾಡಬಹುದು. ಎರಡನೆಯದನ್ನು ಮಾಡಬಾರದು.

ಎಂಜಿನ್ ಆಯಿಲ್ ಎಂದರೆ ಜಾರಿಕೆಗೆ ಹಾಕುವ ಎಣ್ಣೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಪಿಸ್ಟನ್ನಿನ ಅಡಿಭಾಗ, ಕ್ಯಾಮ್, ಕ್ರ್ಯಾಂಕ್ ಬೇರಿಂಗ್ — ಹೊರಗಿನ ಗಾಳಿ ತಲುಪದ ಈ ಜಾಗಗಳ ಬಿಸಿಯನ್ನು ಹೊತ್ತು ತರುವುದೂ ಅದೇ ಎಣ್ಣೆ. ಈ ಎರಡನೆಯ ಕೆಲಸವನ್ನು ಕೊನೆಯವರೆಗೂ ಎಳೆದು ತೋರಿಸಿದ್ದು 1985ರ ಸುಜುಕಿ ಜಿಎಸ್ಎಕ್ಸ್-ಆರ್750. ಅಷ್ಟು ಶಕ್ತಿಯ ಬೈಕಿಗೆ ನೀರಿನ ರೇಡಿಯೇಟರ್ ಇಡುವುದು ಸುಲಭದ ದಾರಿಯಾಗಿತ್ತು. ತೂಕ ಇಳಿಸಬೇಕೆಂಬ ಹಟದಲ್ಲಿದ್ದ ಸುಜುಕಿಯ ಎಂಜಿನಿಯರುಗಳು ಆ ದಾರಿ ಬಿಟ್ಟು, ದಹನಕೋಣೆಯ ನೆತ್ತಿಯ ಮೇಲೆ ಎಣ್ಣೆಯನ್ನೇ ಧಾರಾಳವಾಗಿ ಸುರಿಸಿ, ಮುಂದಿನ ದೊಡ್ಡ ಕೂಲರಿನಲ್ಲಿ ಅದನ್ನು ತಣಿಸಿದರು. ಅಲ್ಲಿ ಕೂಲರ್ ಅಲಂಕಾರವಲ್ಲ, ಎಂಜಿನ್ನಿನದೇ ಒಂದು ಅಂಗ. 2007ರಲ್ಲಿ ಬಂದ ಪಲ್ಸರ್ 220, 2016ರ ಹಿಮಾಲಯನ್ 411, ಅದೇ ವರ್ಷದ ಅಪಾಚೆ ಆರ್‌ಟಿಆರ್ 200 ಈ ವಿಧಾನವನ್ನು ಅಷ್ಟು ದೂರ ಕೊಂಡೊಯ್ದಿಲ್ಲ. ಆದರೆ ಗಾಳಿಯೊಂದೇ ಸಾಲದು ಎಂಬ ಲೆಕ್ಕದ ಮೇಲೆಯೇ ಅವುಗಳಲ್ಲೂ ಕೂಲರ್ ಇದೆ.

ತಕ್ಷಣ ಬರುವ ಆಕ್ಷೇಪ: ಹಳೇ ಬುಲೆಟ್ಟಿಗೆ ಕೂಲರ್ ಎಲ್ಲಿತ್ತು? ಮೂವತ್ತು ವರ್ಷ ಓಡಲಿಲ್ಲವೇ? ಓಡಿದೆ. ಆದರೆ ಆ ಎರಕದ ಕಬ್ಬಿಣದ ಎಂಜಿನ್ 346 ಸಿಸಿಯಲ್ಲಿ ಕೊಡುತ್ತಿದ್ದದ್ದು ಸುಮಾರು 18 ಅಶ್ವಶಕ್ತಿ, ಅದೂ ನಿಮಿಷಕ್ಕೆ 5,600 ಸುತ್ತಿನ ಆಸುಪಾಸಿನಲ್ಲಿ. ಪಲ್ಸರ್ 220 ಸಿಸಿಯಲ್ಲೇ 20 ದಾಟುತ್ತದೆ, 8,500 ಸುತ್ತಿನಲ್ಲಿ. ಚಿಕ್ಕ ಲೋಹದೊಳಗೆ ಹೆಚ್ಚು ಬೆಂಕಿ, ಹೆಚ್ಚು ತಿಕ್ಕಾಟ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ. ಇದರ ಮರುಮುಖವೂ ಇದೆ: ಬುಲೆಟ್ಟಿಗೆ ಯಾರೋ ಹೊರಗಿನಿಂದ ತಂದು ಕೂಲರ್ ಜೋಡಿಸಿದ್ದರೆ ಅದನ್ನು ತೆಗೆದು ಮೂಲ ಸ್ಥಿತಿಗೆ ತರುವುದರಲ್ಲಿ ತಪ್ಪಿಲ್ಲ. ಎಣ್ಣೆ ಅತಿಯಾಗಿ ತಣ್ಣಗಿರುವುದೂ ಒಳ್ಳೆಯದಲ್ಲ. ಎಂಜಿನ್ನಿನೊಳಗೆ ಸೇರುವ ತೇವ, ಪೆಟ್ರೋಲಿನ ಅಂಶ ಆವಿಯಾಗಿ ಹೋಗಬೇಕಾದರೆ ಅದು ಚೆನ್ನಾಗಿ ಕಾಯಲೇಬೇಕು. ಇಲ್ಲವಾದರೆ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲುಬಿಳಿ ಗಸಿ ಕಟ್ಟುತ್ತದೆ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತ ಬೈಕಿನ ಕೂಲರಿಗೆ ಗಾಳಿಯೇ ತಾಕುವುದಿಲ್ಲ, ಅದಕ್ಕೆ ಫ್ಯಾನೂ ಇಲ್ಲ. ಇದ್ದೂ ಏನು ಪ್ರಯೋಜನ? ನಿಂತಾಗ ಪ್ರಯೋಜನ ಕಡಿಮೆ ಎಂಬುದನ್ನು ಒಪ್ಪಬೇಕು. ಆದರೆ ನಿಂತಾಗ ಏರಿದ ಬಿಸಿ ಮುಂದಿನ ಸಿಗ್ನಲ್ಲಿನೊಳಗೆ ಇಳಿಯಬೇಕಲ್ಲ. ಹಾಗೆ ಇಳಿಸುವುದು ಕೂಲರ್. ಇನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಚಾರ್ಮಾಡಿ ಹತ್ತುವಾಗ, ಏಪ್ರಿಲ್ ಮಧ್ಯಾಹ್ನ ರಾಯಚೂರಿನ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಅದರ ಬೆಲೆ ತಿಳಿಯುತ್ತದೆ. ಒಗ್ಗರಣೆಗೆ ಕಾಯಿಸಿದ ಎಣ್ಣೆ ನೀರಿನಂತೆ ಹರಿಯುವ ಹಾಗೆ ಎಂಜಿನ್ ಆಯಿಲ್ ಕೂಡ ಕಾದಷ್ಟೂ ತೆಳುವಾಗುತ್ತದೆ. ಡಬ್ಬಿಯ ಮೇಲಿನ 20ಡಬ್ಲ್ಯೂ-50 ಎಂಬುದರಲ್ಲಿ 50 ಸೂಚಿಸುವುದು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಳೆದ ದಪ್ಪವನ್ನು. ಅದರಾಚೆ ಬೇರಿಂಗಿನ ನಡುವಿನ ಪದರ ಸವೆಯುತ್ತಲೇ ಹೋಗುತ್ತದೆ. ಜೊತೆಗೆ ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದವರ ಅಂದಾಜು. ಕೂಲರ್ ಕಿತ್ತ ಬೈಕು ಮರುದಿನವೇ ಸೀಜ್ ಆಗದಿರುವುದು ಇದಕ್ಕೇ. ನಷ್ಟ ತಿಂಗಳುಗಟ್ಟಲೆ ಒಳಗೊಳಗೇ ಕೂಡುತ್ತದೆ. ಮುಂದೊಂದು ದಿನ ಎಂಜಿನ್ ಬೋರಿಗೆ ಬಂದಾಗ ಕೂಲರನ್ನು ಯಾರೂ ನೆನೆಯುವುದಿಲ್ಲ.

ಕೀಳುವ ರೀತಿಯಲ್ಲೂ ಒಂದು ಅಪಾಯವಿದೆ. ಕೆಲವು ಎಂಜಿನ್‌ಗಳಲ್ಲಿ ಪಂಪಿನಿಂದ ಹೊರಟ ಎಣ್ಣೆ ಕೂಲರನ್ನು ಹಾದೇ ಮುಂದೆ ಹೋಗಬೇಕು. ಬೇರೆ ಕೆಲವಲ್ಲಿ ಅದೊಂದು ಪಕ್ಕದ ಕವಲು. ಮೊದಲ ಬಗೆಯಲ್ಲಿ ಎರಡೂ ತೂತಿಗೆ ಬೋಲ್ಟ್ ಜಡಿದು ಮುಚ್ಚಿದರೆ ಮುಂದಿನ ಭಾಗಗಳಿಗೆ ಎಣ್ಣೆಯೇ ಹೋಗುವುದಿಲ್ಲ, ಕ್ಯಾಮೋ ಬೇರಿಂಗೋ ನಿಮಿಷಗಳಲ್ಲಿ ಹಾಳು. ದಾರಿಯಲ್ಲಿ ಕಲ್ಲು ಸಿಡಿದು ಕೂಲರ್ ತೂತಾದರೆ ಮನೆ ಸೇರುವಷ್ಟು ದೂರಕ್ಕೆ ಹೋಗುವ ಬಾಯಿಯನ್ನೂ ಬರುವ ಬಾಯಿಯನ್ನೂ ಒಂದೇ ಹೋಸಿನಿಂದ ಸೇರಿಸಿ ನಿಧಾನವಾಗಿ ಓಡಿಸಬಹುದು. ಬೈಪಾಸ್ ಎಂಬುದಕ್ಕೆ ನ್ಯಾಯವಾದ ಜಾಗ ಅದೊಂದೇ.

ಸರಿಸುವುದಾದರೆ ನೋಡಬೇಕಾದ್ದು ಮೊದಲು ಗಾಳಿ. ಸೀಟಿನಡಿ ಬಚ್ಚಿಟ್ಟ ಕೂಲರ್ ಇದ್ದೂ ಇಲ್ಲದಂತೆ. ಮುಂದೆಯೇ ಇಡುವಾಗ ಫೋರ್ಕ್ ಪೂರ್ತಿ ಕೆಳಗೆ ಒತ್ತಿದಾಗ ಮಡ್‌ಗಾರ್ಡ್ ತಾಗದಷ್ಟು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹೋಸ್ ಎಳೆಯದಷ್ಟು ಅಂತರ ಬೇಕು. ಹೋಸಿನ ಒಳಅಳತೆ ಮೂಲದ್ದಕ್ಕಿಂತ ಕಿರಿದಾಗಬಾರದು, ಸೈಲೆನ್ಸರ್ ಬೆಂಡ್ ಪೈಪಿಗೆ ಉಜ್ಜಬಾರದು. ಪೆಟ್ರೋಲ್ ಪೈಪು ತಂದು ಕ್ಲಿಪ್ ಬಿಗಿದು ಕೆಲಸ ಮುಗಿಸುವವರಿದ್ದಾರೆ. ಬಿಸಿ ಎಣ್ಣೆಯ ಒತ್ತಡಕ್ಕೆ ಅದು ಕಿತ್ತುಬಂದರೆ ಎಣ್ಣೆ ಬೀಳುವುದು ಹಿಂದಿನ ಟೈರಿನ ಮೇಲೆ, ಆಗ ಹೋಗುವುದು ಎಂಜಿನ್ ಮಾತ್ರವಲ್ಲ. ಹೋಸಿನ ತುದಿಯನ್ನು ಬಿಗಿಯುವ ಬ್ಯಾಂಜೋ ಬೋಲ್ಟಿನ ಎರಡೂ ಬದಿಯ ವಾಷರುಗಳನ್ನು ಪ್ರತಿ ಸಲ ಹೊಸದಾಗಿಯೇ ಹಾಕಬೇಕು. ನಿಜ ಹೇಳಬೇಕೆಂದರೆ, ಕೂಲರ್ ಕೀಳಿಸುವಷ್ಟು ಬೇಸರ ತರಿಸುವ ಬಹುಪಾಲು ಸೋರಿಕೆ ಈ ಅಗ್ಗದ ವಾಷರಿನಿಂದಲೋ ಬಿರಿದ ಹೋಸಿನಿಂದಲೋ ಬಂದದ್ದೇ ಆಗಿರುತ್ತದೆ. ಹೊಸ ಹೋಸ್ ಉದ್ದವಾಗಿದ್ದರೆ ಅದು ಒಂದಿಷ್ಟು ಎಣ್ಣೆಯನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಎಂಜಿನ್ ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಬೈಕನ್ನು ನೆಟ್ಟಗೆ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿ, ಕಡಿಮೆಯಾದಷ್ಟನ್ನು ಸುರಿದ ಮೇಲೆಯೇ ಬೈಕನ್ನು ರಸ್ತೆಗೆ ಇಳಿಸಬೇಕು.