ಮೂಟೆ ಬಿಚ್ಚುವ ಯಂತ್ರ

ಮೈಸೂರಿನ ಸಿದ್ಧಾರ್ಥನಗರದ ಒಂದು ಮನೆಗೆ ತಿಂಗಳ ಮೊದಲಲ್ಲಿ 25 ಕಿಲೋ ಅಕ್ಕಿಯ ಚೀಲ ಬಂದಿಳಿಯಿತೆನ್ನಿ. ಗೃಹಿಣಿ ಹೊಲಿಗೆಯ ದಾರದ ತುದಿಯನ್ನು ಹುಡುಕುತ್ತಾಳೆ. ಸರಿಯಾದ ತುದಿ ಸಿಕ್ಕಿತೋ, ಒಂದೇ ಎಳೆತಕ್ಕೆ ಹೊಲಿಗೆಯೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿಯನ್ನು ಹಿಡಿದರೆ ಗಂಟಿನ ಮೇಲೆ ಗಂಟು, ಕೊನೆಗೆ ಕತ್ತರಿಯೇ ಗತಿ. ಯಜಮಾನರೂ ಮಗನೂ ಚೀಲವನ್ನೆತ್ತಿ ಡಬ್ಬಕ್ಕೆ ಸುರಿಯುತ್ತಾರೆ. ಧೂಳೆದ್ದು ಅಜ್ಜಿ ಕೆಮ್ಮುತ್ತಾರೆ. ಮೂಲೆಗಳಲ್ಲಿ ಉಳಿದ ಹಿಡಿ ಅಕ್ಕಿಗಾಗಿ ಚೀಲವನ್ನು ತಲೆಕೆಳಗು ಮಾಡಿ ಕೊಡವಬೇಕು. ಡಬ್ಬಕ್ಕೆ ಬಿದ್ದ ದಾರದ ಚೂರನ್ನು ಆರಿಸಿ ತೆಗೆಯಬೇಕು. ಮನೆಯಲ್ಲಿ ಇದು ಹತ್ತು ನಿಮಿಷದ ಕೆಲಸ. ಇದನ್ನೇ ದಿನಕ್ಕೆ 200 ಬಾರಿ, 50 ಕಿಲೋ ಮೂಟೆಗಳೊಡನೆ ಮಾಡಬೇಕಾಗಿ ಬಂದರೆ?

ಈ ಪ್ರಶ್ನೆ ಸಿದ್ಧಾರ್ಥನಗರಕ್ಕೆ ಹೊರಗಿನದೇನಲ್ಲ. 1961ರಲ್ಲಿ ಸ್ಥಾಪಿತವಾಗಿ, ದೇಶದ ಸೈನಿಕರ ಊಟದೊಡನೆ ಈ ಬಡಾವಣೆಯ ಹೆಸರನ್ನು ಬೆಸೆದ ರಕ್ಷಣಾ ಆಹಾರ ಸಂಶೋಧನಾಲಯ ಇಲ್ಲಿಯದೇ. ನಗರದ ಚೆಲುವಾಂಬ ವಿಲಾಸದಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಆಹಾರವನ್ನು ಸಂಸ್ಕರಿಸುವ ವಿದ್ಯೆಗೆ ಹೆಸರಾದ ಊರು ಮೈಸೂರು. ಆದರೆ ಎಂಥ ಸಂಸ್ಕರಣೆಗೂ ಮೊದಲ ಹೆಜ್ಜೆ ಒಂದೇ: ಯಾರಾದರೊಬ್ಬರು ಮೂಟೆಯನ್ನು ಬಿಚ್ಚಿ ಬರಿದು ಮಾಡಬೇಕು.

ಹಿಟ್ಟಿನ ಗಿರಣಿಯಲ್ಲಾಗಲಿ ಬಿಸ್ಕತ್ತಿನ ಕಾರ್ಖಾನೆಯಲ್ಲಾಗಲಿ 10 ಟನ್ ಪದಾರ್ಥವೆಂದರೆ 200 ಮೂಟೆ. ಅವನ್ನು ಎತ್ತಿ ಸುರಿಯುವ ಹಮಾಲಿಯ ಬೆನ್ನು ಭಾರವನ್ನು ಹೊರುತ್ತದೆ, ಶ್ವಾಸಕೋಶ ಧೂಳನ್ನು ಹೊರುತ್ತದೆ. ಒಬ್ಬ ವಯಸ್ಕ ಪುರುಷ ಹೊರುವ ಭಾರ 55 ಕಿಲೋ ಮೀರಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು. ಕ್ವಿಂಟಾಲ್ ಮೂಟೆಯನ್ನು ಬೆನ್ನಿಗೇರಿಸಿಕೊಂಡು ನಡೆಯುತ್ತಿದ್ದವರ ನಾಡಿನಲ್ಲಿ ಅದು ಸಣ್ಣ ಮಾತಲ್ಲ.

ಈ ಕೆಲಸಕ್ಕೆಂದೇ ಯಂತ್ರಗಳುಂಟು. ನೋಡುವುದಕ್ಕೆ ಮುಚ್ಚಿದ ಉಕ್ಕಿನ ಪೆಟ್ಟಿಗೆ. ಚಲಿಸುವ ಪಟ್ಟಿಯ ಮೇಲೆ ಮಲಗಿದ ಮೂಟೆ ಅದರ ಬಾಯಿಯೊಳಕ್ಕೆ ಸಾಗುತ್ತದೆ. ಗರಗರನೆ ತಿರುಗುವ ಚಕ್ರದಂಥ ಅಲಗುಗಳು ಅದರ ಹೊಟ್ಟೆಯನ್ನು ಸೀಳುತ್ತವೆ. ಸೀಳಿದ ಚೀಲವನ್ನು ತೂತುಗಳುಳ್ಳ ದೊಡ್ಡ ಉರುಳೆಯೊಂದು ಎತ್ತಿ ಎತ್ತಿ ಕೆಡವುತ್ತದೆ. ಪದಾರ್ಥ ತೂತುಗಳಿಂದ ಸೋರಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಬರಿದಾದ ಚೀಲ ಇನ್ನೊಂದು ತುದಿಯಿಂದ ಹೊರಬಂದು, ತಿರುಪಿನ ಒತ್ತಿಗೆ ಸಿಕ್ಕಿ ಕಬ್ಬಿನ ಸಿಪ್ಪೆಯಂತೆ ಮುದ್ದೆಯಾಗುತ್ತದೆ. ಧೂಳನ್ನು ಹೀರುವ ಬೀಸಣಿಗೆ ಅದನ್ನು ಬಟ್ಟೆಯ ಸೋಸುಚೀಲಗಳಿಗೆ ಕಳುಹಿಸುತ್ತದೆ. ಚೀಲ ಬರಿದು ಮಾಡುವ ಯಂತ್ರಕ್ಕೂ ತನ್ನದೇ ಚೀಲಗಳು ಬೇಕು!

ಧೂಳಿನ ಈ ಏರ್ಪಾಡು ಕೇವಲ ಅಲಂಕಾರವಲ್ಲ. 1785ರ ಡಿಸೆಂಬರ್ 14ರಂದು ಇಟಲಿಯ ಟುರಿನ್ ನಗರದ ಹಿಟ್ಟಿನ ಉಗ್ರಾಣವೊಂದರಲ್ಲಿ ಹುಡುಗನೊಬ್ಬ ದೀಪದ ಬೆಳಕಿನಲ್ಲಿ ಹಿಟ್ಟು ಬಾಚುತ್ತಿದ್ದ. ಮೇಲಿನಿಂದ ರಾಶಿ ಹಿಟ್ಟು ಒಮ್ಮೆಗೇ ಕುಸಿಯಿತು. ಎದ್ದ ಧೂಳು ದೀಪಕ್ಕೆ ತಾಕಿ ಸಿಡಿಯಿತು. 2008ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಅದೇ ಬಗೆಯ ಸ್ಫೋಟ 14 ಜನರನ್ನು ಬಲಿ ತೆಗೆದುಕೊಂಡಿತು. ಗಾಳಿಯಲ್ಲಿ ತೇಲುವ ಹಿಟ್ಟೂ ಸಕ್ಕರೆಯೂ ಮದ್ದಿನಂತೆ ಉರಿಯಬಲ್ಲವು.

ಹಾಗಾದರೆ ಎಲ್ಲ ಕಾರ್ಖಾನೆಗಳೂ ಈ ಯಂತ್ರವನ್ನು ತಂದು ನಿಲ್ಲಿಸಬಾರದೇಕೆ? ತೊಡಕು ಇರುವುದು ಮೂಟೆಯಲ್ಲಿಯೇ. ಯಂತ್ರ ಬಯಸುವುದು ಒಂದೇ ಅಳತೆ, ಒಂದೇ ಬಗೆ. ಮೂಟೆಗಳಾದರೋ ಒಂದರಂತೆ ಒಂದಿಲ್ಲ. ಕಾಗದದ ಚೀಲ ಸುಲಭವಾಗಿ ಸೀಳುತ್ತದೆ, ಆದರೆ ಚೂರಾಗಿ ಹಿಟ್ಟಿನೊಡನೆ ಬೆರೆಯುತ್ತದೆ. ಪ್ಲಾಸ್ಟಿಕ್ ಚೀಲದ ಎಳೆಗಳು ಅಲಗಿಗೆ ಸುತ್ತಿಕೊಳ್ಳುತ್ತವೆ. ಗೋಣಿ ನಾರು ಉದುರಿಸುತ್ತದೆ. ಆದ್ದರಿಂದ ಯಂತ್ರದ ಹಿಂದೆಯೇ ಜರಡಿಯೂ ಇರಬೇಕು.

ನಮ್ಮ ದೇಶದಲ್ಲಿ ಗೋಣಿಯ ಸ್ಥಾನವೇ ಬೇರೆ. ಸೆಣಬು ಬೆಳೆಗಾರರ ಹಿತಕ್ಕಾಗಿ 1987ರಲ್ಲಿ ಬಂದ ಶಾಸನ ಧಾನ್ಯಕ್ಕೆ ಗೋಣಿಚೀಲವನ್ನು ಕಡ್ಡಾಯಗೊಳಿಸಲು ಅವಕಾಶ ಕೊಟ್ಟಿತು. ಬರಿಯ ಗೋಣಿಗೂ ಪೇಟೆಯಲ್ಲಿ ಬೆಲೆಯುಂಟು. ಅದು ಮತ್ತೆ ಮತ್ತೆ ತುಂಬಿ ಹೊರಡುತ್ತದೆ. ಅಲಗಿಗೆ ಸಿಕ್ಕ ಗೋಣಿಯ ಆಯುಷ್ಯ ಅಲ್ಲಿಗೇ ಮುಗಿಯಿತು. ಗೋಣಿಯನ್ನು ಉಳಿಸಬೇಕಾದರೆ ಹೊಲಿಗೆಯನ್ನು ಕೈಯಿಂದಲೇ ಬಿಚ್ಚಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಮಳೆಗಾಲದ ತೇವಕ್ಕೆ ಉಪ್ಪು, ಹಾಲಿನ ಪುಡಿ, ಬೆಲ್ಲದ ಪುಡಿ ಹೆಂಟೆಗಟ್ಟುತ್ತವೆ. ಎಷ್ಟು ಕೊಡವಿದರೂ ಮೂಲೆಯನ್ನು ಬಿಡವು. ಚೀಲಕ್ಕೆ 100 ಗ್ರಾಂ ಉಳಿದರೂ 200 ಚೀಲಕ್ಕೆ 20 ಕಿಲೋ ಕಸದ ಪಾಲು. ಇಂದು ಕಡಲೆಕಾಯಿ ಹಿಟ್ಟು, ನಾಳೆ ಹಾಲಿನ ಪುಡಿ ಎನ್ನುವ ಸಣ್ಣ ಕಾರ್ಖಾನೆಯಲ್ಲಿ ಪ್ರತಿ ಬದಲಾವಣೆಗೂ ಯಂತ್ರದ ಒಡಲನ್ನೆಲ್ಲ ತೊಳೆದು ಒಣಗಿಸಬೇಕು. ಕಡಲೆಕಾಯಿ ಒಗ್ಗದ ಮಗುವಿನ ಪಾಲಿಗೆ ಒಳಗುಳಿದ ಚಿಟಿಕೆಯೂ ವಿಷವಾದೀತು.

ದಿನವೂ ಒಂದೇ ಪದಾರ್ಥವನ್ನು ಸಾವಿರಾರು ಮೂಟೆಗಳಲ್ಲಿ ತರಿಸುವವರಿಗೆ ಈ ಯಂತ್ರ ಒಪ್ಪುತ್ತದೆ. ಉಳಿದವರಿಗೆ ಮಧ್ಯಮಾರ್ಗವೊಂದಿದೆ: ಸೊಂಟದೆತ್ತರದ ಮೇಜು, ಅದರಲ್ಲಿ ಕಂಬಿಯ ಜಾಲರಿ, ಹಿಂದೆ ಧೂಳು ಹೀರುವ ಕೊಳವೆ, ಮೂಟೆಯನ್ನು ಆ ಮಟ್ಟಕ್ಕೆ ಏರಿಸುವ ಎತ್ತುಗ. ನಿರ್ವಾತದಿಂದ ಚೀಲವನ್ನು ಕಚ್ಚಿ ಎತ್ತುವ ಸಾಧನವೂ ಉಂಟು. ಆದರೆ ಗೋಣಿಯ ಸಂದುಗಳಲ್ಲಿ ಗಾಳಿ ನುಸುಳುವುದರಿಂದ ಅಲ್ಲಿ ಅದರ ಹಿಡಿತ ಸಡಿಲ. ಟನ್ನಿನ ಹೆಚ್ಚೀಲಗಳನ್ನು ಕ್ರೇನಿನಿಂದ ತೂಗುಹಾಕಿ, ತಳದ ಕಟ್ಟು ಬಿಚ್ಚಿ ಸುರಿಯುವ ಪದ್ಧತಿಯೂ ಬಂದಿದೆ.

ಈ ಮೇಜಿನ ಮುಂದೆ ನಿಲ್ಲುವವನೂ ಹಮಾಲಿಯೇ. ದಾರದ ಸರಿಯಾದ ತುದಿಯನ್ನು ಗುರುತಿಸುವುದು, ಹೆಂಟೆಯನ್ನು ತಡವಿ ತಿಳಿಯುವುದು, ಬಿದ್ದ ಚೂರನ್ನು ಆರಿಸುವುದು ಅವನ ಬೆರಳಿನ ಕೆಲಸ. ಭಾರವೂ ಧೂಳೂ ಯಂತ್ರದ ಪಾಲು. ಅವನ ಕೈ ಕೆಲಸದಲ್ಲಿಯೇ ಇರಲಿ. ಬೆನ್ನಿಗೆ ಬಿಡುವು ಸಿಕ್ಕರೆ ಸಾಕು.